ದೋಣಿಯ ತಳದ ನೀರು: ಕೈಪಂಪೋ, ಬ್ಯಾಟರಿ ಪಂಪೋ?

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಂಥ ಜಲಾಶಯದಲ್ಲಿ ಸಣ್ಣ ಫೈಬರ್ ದೋಣಿ ಇಟ್ಟು ಮೀನು ಹಿಡಿಯುವವರಿಗೆ ನಾನು ಹೇಳೋದು ಕೈಪಂಪೇ. ಬೆಲೆ ಕಡಿಮೆ, ಬ್ಯಾಟರಿ ಬೇಡ. ಕಸ ಸಿಕ್ಕಿದರೆ ಅಲ್ಲೇ ಬಿಚ್ಚಿ ತೊಳೆಯಬಹುದು. ಆದರೆ ಒತ್ತೋಕೆ ಒಬ್ಬರು ಇರಲೇಬೇಕು, ಅಲ್ವಾ?

ರಾತ್ರಿಯಿಡೀ ನೀರಲ್ಲೇ ಕಟ್ಟಿಹಾಕುವ ದೋಣಿಗೆ 12 ವೋಲ್ಟ್ ಪಂಪು ವಾಸಿ. ನೀರು ಏರಿದರೆ ಫ್ಲೋಟ್ ಸ್ವಿಚ್ ಮೇಲೆದ್ದು ಪಂಪು ತಾನೇ ಓಡುತ್ತದೆ. ಇದಕ್ಕೆ ದೊಡ್ಡ ಕಾಟ ಅಂದರೆ ಬಲೆಯ ನೂಲು, ಮೀನಿನ ಹುರುಪೆ. ಪಂಪಿನ ಬಾಯಿಯ ಜಾಲರಿಗೆ ಮೆತ್ತಿಕೊಂಡರೆ ಮೋಟಾರ್ ಸುಮ್ನೆ ಗುಂಯ್ ಅನ್ನುತ್ತದೆ, ನೀರು ಹೊರಗೆ ಬರೋಲ್ಲ. ಆಗಾಗ ಬಿಚ್ಚಿ ನೋಡಿ.

ಯಾವ ಪಂಪಾದರೂ ತಳದಲ್ಲಿ ಒಂದಿಷ್ಟು ನೀರು ಉಳಿಯುತ್ತದೆ. ನಾತ ಹುಟ್ಟೋದೇ ಅಲ್ಲಿ. ಅದನ್ನು ಸ್ಪಂಜಿನಲ್ಲಿ ಹೀರಿ, ಹಲಗೆ ಎತ್ತಿ ಬಿಸಿಲಿಗೆ ಬಿಡಿ. ಎಣ್ಣೆ ಸೇರಿದ್ದರೆ ಮೊದಲು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ದನಕರು ಕುಡಿಯೋ ನೀರಿಗೆ ಅದನ್ನು ಪಂಪು ಮಾಡಬೇಡಿ.