ಕೃತಕ ಕಾಲಿಗೆ ಪೂರ್ತಿ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ತುಮಕೂರು ರಸ್ತೆಯಲ್ಲಿ ಬೈಕ್ ಅಪಘಾತವಾಗಿ ನನ್ನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ಬೇಗ ಕೆಲಸಕ್ಕೆ ಹೋಗಬೇಕು ಅನ್ನೋದೊಂದೇ ತಲೆಯಲ್ಲಿತ್ತು. ಆ ಆತುರದಲ್ಲೇ ಮೋಸ ಹೋದೆ.

ಆಪರೇಷನ್ ಆಗಿ ಏಳು ವಾರ ಆಗಿತ್ತಷ್ಟೆ. ಬೆಂಗಳೂರಿನ ಒಂದು ಅಂಗಡಿಯವರು ಮನೆಗೇ ಬಂದು, ಪಿಒಪಿ ಸುತ್ತಿ ಅಳತೆ ತಗೊಂಡರು. "ಒಂದೇ ಸಲ ಒಳ್ಳೇ ಕಾಲು ಹಾಕಿಸ್ಕೊಂಡ್ಬಿಡಿ ಸಾರ್, ಮತ್ತೆ ಖರ್ಚಿರಲ್ಲ" ಅಂದರು. ಅಮ್ಮ ಬಳೆ ಅಡವಿಟ್ಟು ಪೂರ್ತಿ ದುಡ್ಡು ಕೊಟ್ಟರು.

ನನಗೆ ಗೊತ್ತಿರದಿದ್ದ ವಿಷಯ ಇದು: ಕತ್ತರಿಸಿದ ಮೇಲೆ ಉಳಿದ ಕಾಲಿನ ತುಂಡಿನಲ್ಲಿ ಮೊದಲು ಬಾವು ಇರುತ್ತದೆ. ಅದು ಇಳಿದು, ಮಾಂಸವೂ ಕರಗಿ, ಕಾಲು ತಿಂಗಳುಗಟ್ಟಲೆ ಸಣ್ಣಗಾಗುತ್ತಾ ಹೋಗುತ್ತದೆ. ಅದಕ್ಕೇ ಮೊದಲು ತಾತ್ಕಾಲಿಕ ಕಾಲು ಹಾಕಿ, ಆಮೇಲೆ ಖಾಯಂ ಕಾಲು ಮಾಡುವ ರೂಢಿ ಇದೆ. ನನಗೆ ಎರಡೇ ತಿಂಗಳಿಗೆ ಸಾಕೆಟ್, ಅಂದರೆ ಆ ತುಂಡು ಕೂರುವ ಕೃತಕ ಕಾಲಿನ ಮೇಲಿನ ಬಟ್ಟಲು, ಸಡಿಲವಾಯಿತು. ಸಡಿಲ ತುಂಬಲು ಒಳಗೆ ಹಾಕುವ ಕಾಲುಚೀಲ ಒಂದಿದ್ದದ್ದು ಮೂರಾಯಿತು, ಮೂರು ಆರಾಯಿತು. ಕಾಲು ಒಳಗೆ ಕುಸಿದು, ಭಾರವೆಲ್ಲ ಮೂಳೆಯ ತುದಿಗೆ ಬೀಳತೊಡಗಿತು.

ಒಂದು ದಿನ ಮೆಜೆಸ್ಟಿಕ್ ಸಬ್‌ವೇ ಮೆಟ್ಟಿಲು ಹತ್ತಿಳಿದು ಮನೆಗೆ ಬಂದೆ. ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ಅಮ್ಮ ಉಗುರುಬೆಚ್ಚಗಿನ ನೀರು ಹಾಕಿ, ನೆನೆಸಿ ನೆನೆಸಿ ಬಿಡಿಸಿದರು. ರೂಪಾಯಿ ನಾಣ್ಯದಷ್ಟು ಅಗಲ ಚರ್ಮ ಕಿತ್ತು ಬಂದಿತ್ತು. ಅಮ್ಮ ಏನೂ ಮಾತಾಡಲಿಲ್ಲ.

ಅಂಗಡಿಯವರು ಮೊದಲು "ರೂಢಿಯಾಗುತ್ತೆ" ಅಂದರು. ಆಮೇಲೆ ಹೊಸ ಸಾಕೆಟ್‌ಗೆ ಬೇರೆ ದುಡ್ಡು ಕೇಳಿದರು. ಬಿಲ್ಲಿನಲ್ಲಿ "ಕೃತಕ ಕಾಲು 1" ಅಂತ ಬಿಟ್ಟರೆ ಬೇರೇನೂ ಇಲ್ಲ. ಏನಂತ ಜಗಳ ಮಾಡೋದು? ಗಾಯ ಮಾಯುವವರೆಗೆ ಮತ್ತೆ ಊರುಗೋಲೇ ಗತಿಯಾಯಿತು.

ದಯವಿಟ್ಟು ಕೇಳಿ. ಅಳತೆ ತೆಗೆಯುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿದ್ದಾರಾ ಅಂತ ನಂಬರ್ ಕೇಳಿ. ಟ್ರಯಲ್ ಸಾಕೆಟ್ ಹಾಕಿ ನಡೆಸಿ ನೋಡಿ ಅನ್ನಿ. ಅದನ್ನು ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಮಾಡಿದ್ದರೆ, ಎಲ್ಲಿ ಒತ್ತುತ್ತಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ಸಾಕೆಟ್ ಸರಿಮಾಡಿ ಕೊಡುವ ಮಾತನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಕೃತಕ ಕಾಲು ಬಿಚ್ಚಿ ಹದಿನೈದು ನಿಮಿಷವಾದರೂ ಚರ್ಮದ ಕೆಂಪು ಹೋಗದಿದ್ದರೆ ಮತ್ತೆ ಹಾಕಬೇಡಿ, ಹೋಗಿ ತೋರಿಸಿ. ಶುಗರ್ ಇರುವವರಿಗೆ ನೋವು ಗೊತ್ತಾಗದೇ ಇರಬಹುದು. ಅವರು ದಿನಾ ರಾತ್ರಿ ಕನ್ನಡಿ ಹಿಡಿದು ಕಾಲು ನೋಡಿಕೊಳ್ಳಲೇಬೇಕು.

ಈಗ ಬೇರೆ ಕಡೆ ತೋರಿಸುತ್ತಿದ್ದೇನೆ. ಅವರು ಮೊದಲ ದಿನ ಟೇಪ್ ಹಿಡಿದು ಕಾಲಿನ ಸುತ್ತಳತೆ ಬರೆದುಕೊಂಡರು, ಅಷ್ಟೇ. ಹೋದಾಗಲೆಲ್ಲ ಅಳೆಯುತ್ತಾರೆ. ಅಳತೆ ಇಳಿಯೋದು ನಿಲ್ಲಲಿ, ಆಮೇಲೆ ಖಾಯಂ ಕಾಲಿನ ಮಾತು ಅಂದಿದ್ದಾರೆ.