ಭಿನ್ನಾಭಿಪ್ರಾಯದ ನೆಲೆ ಹುಡುಕಲು ಕಲಿಸುವ ಒಂದು ಆನ್‌ಲೈನ್ ಕೋರ್ಸ್

ಅಮೆರಿಕ, ಕೆನಡಾಗಳ ಕಾನೂನು ಕಾಲೇಜುಗಳಿಗೆ ಸೇರಲು ಬರೆಯುವ ಎಲ್‌ಸ್ಯಾಟ್ ಪರೀಕ್ಷೆಯು 2024ರ ಆಗಸ್ಟ್‌ನಿಂದ ಲಾಜಿಕ್ ಗೇಮ್ಸ್ (ಕೊಟ್ಟ ನಿಯಮಗಳಿಗೆ ತಕ್ಕಂತೆ ಜೋಡಿಸುವ ಒಗಟುಗಳ) ವಿಭಾಗವನ್ನು ಕೈಬಿಟ್ಟು ತರ್ಕದ ಪ್ರಶ್ನೆಗಳಿಗೆ ಹೆಚ್ಚಿನ ತೂಕ ಕೊಟ್ಟಿರುವುದರಿಂದ, ಇಬ್ಬರ ಮಾತಿನಲ್ಲಿ ಭಿನ್ನಾಭಿಪ್ರಾಯ ಎಲ್ಲಿದೆ ಎಂದು ಕೇಳುವ ಪ್ರಶ್ನೆಗಳಿಗಾಗಿಯೇ ಈ ಕೋರ್ಸಿಗೆ ಸೇರಿದೆ. ಉತ್ತರದ ಪ್ರತಿ ಆಯ್ಕೆಯನ್ನೂ ಇಬ್ಬರ ಮುಂದಿಟ್ಟು, ಒಬ್ಬರು ಹೌದೆಂದು ಇನ್ನೊಬ್ಬರು ಅಲ್ಲವೆಂದು ಹೇಳುವುದನ್ನು ಮಾತ್ರ ಉಳಿಸಿಕೊಳ್ಳುವ ಇದರ ವಿಧಾನ ನಿಜಕ್ಕೂ ಫಲ ಕೊಡುತ್ತದೆ. ‘ಸೇತುವೆ ದುರ್ಬಲವಾಗಿದೆ, ಆದ್ದರಿಂದ ಕೆಡವಬೇಕು’ ಎಂದು ಒಬ್ಬರು, ‘ದುರ್ಬಲವೇನೋ ಹೌದು, ಆದರೆ ದುರಸ್ತಿ ಸಾಕು’ ಎಂದು ಇನ್ನೊಬ್ಬರು ಹೇಳಿದರೆ, ತಕರಾರು ಇರುವುದು ದೌರ್ಬಲ್ಯದ ಬಗ್ಗೆ ಅಲ್ಲ, ಕೆಡವುವ ಅಗತ್ಯದ ಬಗ್ಗೆ. ಉತ್ತರಗಳಲ್ಲಿ ಖರ್ಚಿನ ಕುರಿತ ಆಯ್ಕೆಯೊಂದು ಇದ್ದರೆ, ಅದಂತೂ ಇಬ್ಬರೂ ಬಾಯಿಬಿಡದ ವಿಷಯವಾದ್ದರಿಂದ ತಾನಾಗಿಯೇ ಬಿದ್ದುಹೋಗುತ್ತದೆ. (ನಾನು ಹೆಚ್ಚಾಗಿ ಎಡವುತ್ತಿದ್ದುದು ಇಂಥವುಗಳಲ್ಲೇ.) ವೀಡಿಯೊಗಳು ಮಾತ್ರ ಅನಗತ್ಯವಾಗಿ ಉದ್ದವಾಗಿವೆ, ಇಬ್ಬರೂ ಒಪ್ಪುವ ಅಂಶವನ್ನು ಕೇಳುವ ಪ್ರಶ್ನೆಗಳಿಗೆ ಅಭ್ಯಾಸ ತೀರಾ ಕಡಿಮೆ.