ಹಳೆಯ 604, ಹೊಸ 605: ಬಜ್ಪೆಗೆ ಒಗ್ಗುವ ಜೆಟ್ ಯಾವುದು?

ಕೊಲ್ಲಿಯಲ್ಲಿ ಇಪ್ಪತ್ತೆರಡು ವರ್ಷ ವಿಮಾನ ನಿರ್ವಹಣೆಯ ಎಂಜಿನಿಯರನಾಗಿದ್ದು ಉಡುಪಿಗೆ ಮರಳಿದ ಮೇಲೆ, ನನ್ನಲ್ಲಿ ಸಲಹೆ ಕೇಳಲು ಬರುತ್ತಿದ್ದವರೆಲ್ಲ ಕಾರಿನ ಎಂಜಿನ್ನಿನ ಸದ್ದು ಕೇಳಿಸಲು ಬರುವವರೇ ಆಗಿದ್ದರು. 2024ರ ಅಕ್ಟೋಬರಿನಲ್ಲಿ ಮಂಗಳೂರಿನ ಒಂದು ವ್ಯಾಪಾರಿ ಕುಟುಂಬದ ಹಿರಿಯರು ನನ್ನನ್ನು ಕರೆಸಿ, ದೊಡ್ಡ ಕ್ಯಾಬಿನ್ನಿನ ಸೆಕೆಂಡ್ ಹ್ಯಾಂಡ್ ಜೆಟ್ ಒಂದನ್ನು ಕೊಳ್ಳುವ ಯೋಚನೆಯಿದೆ ಎಂದೂ, ದಲ್ಲಾಳಿಗಳು ತೋರಿಸಿದ ಎರಡು ವಿಮಾನಗಳ ನಡುವೆ ಮನೆಯಲ್ಲಿ ಒಮ್ಮತವಿಲ್ಲವೆಂದೂ ತಿಳಿಸಿದರು. ಒಂದು 2001ರಲ್ಲಿ ತಯಾರಾದ ಚಾಲೆಂಜರ್ 604, ಇನ್ನೊಂದು 2011ರ ಚಾಲೆಂಜರ್ 605. ತಂದೆಗೆ ಹಳೆಯದರ ಬೆಲೆ ಹಿಡಿಸಿತ್ತು, ಮಗನಿಗೆ ಹೊಸದರ ಕಿಟಕಿ ಹಿಡಿಸಿತ್ತು. ಎರಡರಲ್ಲೂ ಕುಳಿತು ಹಾರಿ, ಎರಡರ ಕಾಗದಪತ್ರಗಳನ್ನೂ ಓದಿ ಅಭಿಪ್ರಾಯ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ.

ಮೊದಲೇ ಹೇಳಬೇಕಾದದ್ದೆಂದರೆ ಇವೆರಡೂ ಒಂದೇ ಮನೆತನದವು. ಕೆನಡಾದಲ್ಲಿ 1978ರಲ್ಲಿ ಮೊದಲ ಬಾರಿ ಹಾರಿದ ಚಾಲೆಂಜರ್ 600ರ ವಂಶದಲ್ಲಿ 604 ಬಂದದ್ದು 1990ರ ದಶಕದ ನಡುವಿನಲ್ಲಿ, 605 ಬಂದದ್ದು 2007ರ ಸುಮಾರಿಗೆ. ರೆಕ್ಕೆ ಅದೇ, ಜಿಇ ಸಂಸ್ಥೆಯ ಸಿಎಫ್34-3ಬಿ ಎಂಜಿನ್ ಅದೇ, ಸುಮಾರು ಎಂಟು ಅಡಿ ಅಗಲ ಮತ್ತು ಆರಡಿ ಎತ್ತರದ ಕ್ಯಾಬಿನ್ನೂ ಅದೇ. ಈ ಎಂಜಿನ್ನಿನ ಹತ್ತಿರದ ಸಹೋದರನೇ ಐವತ್ತು ಆಸನಗಳ ಸಿಆರ್‌ಜೆ ಪ್ರಯಾಣಿಕ ವಿಮಾನಗಳಲ್ಲೂ ಇರುವುದರಿಂದ, ಅದರ ಬಿಡಿಭಾಗಕ್ಕಾಗಲಿ ಕೈ ಪಳಗಿದ ಕೆಲಸಗಾರರಿಗಾಗಲಿ ಜಗತ್ತಿನಲ್ಲಿ ಅಷ್ಟೊಂದು ಬರವಿಲ್ಲ. ಹಾಗಾಗಿ ಬೇರೆ ಬೇರೆ ತಯಾರಕರ ವಿಮಾನಗಳನ್ನು ಹೋಲಿಸುವಾಗ ಬರುವ ಗೊಂದಲ ಇಲ್ಲಿರಲಿಲ್ಲ. ಹತ್ತು ವರ್ಷಗಳ ಅಂತರಕ್ಕೆ ಎಷ್ಟು ಬೆಲೆ ಕಟ್ಟಬಹುದು ಎಂಬುದೊಂದೇ ಪ್ರಶ್ನೆ ಉಳಿದಿತ್ತು.

604 ಆಗಲೇ ಭಾರತದ ನೋಂದಣಿಯಲ್ಲಿದ್ದುದರಿಂದ ಅದರಲ್ಲಿ ಮುಂಬೈಯಿಂದ ಮಂಗಳೂರಿಗೆ ಹಾರಿ ನೋಡಿದೆವು. ಚರ್ಮದ ಆಸನಗಳಿಗೆ ಹೊಸ ಹೊದಿಕೆ ಹಾಕಿಸಿದ್ದರು, ನೆಲಕ್ಕೆ ಹೊಸ ಜಮಖಾನೆ ಬಂದಿತ್ತು. ಮೇಜಿನ ಆಚೀಚೆ ಕುಳಿತು ದನಿಯೆತ್ತರಿಸದೆ ಮಾತಾಡಲು ಸಾಧ್ಯವಾಗುವಷ್ಟು ಕ್ಯಾಬಿನ್ ಶಾಂತವಾಗಿತ್ತು. ಆದರೆ ಕರಾವಳಿ ಕಾಣಿಸತೊಡಗಿದಾಗ ಹಿರಿಯರು ಪಣಂಬೂರಿನ ಬಂದರನ್ನೂ ಫಲ್ಗುಣಿಯ ತಿರುವನ್ನೂ ನೋಡಲು ಪ್ರತಿ ಸಲವೂ ಕುತ್ತಿಗೆ ಬಗ್ಗಿಸಬೇಕಾಯಿತು. 604ರ ಕಿಟಕಿಗಳು ಕುಳಿತವರ ಕಣ್ಣಿನ ಮಟ್ಟಕ್ಕಿಂತ ಕೆಳಗಿವೆ. ಎಷ್ಟು ಹಣ ಸುರಿದು ಒಳಾಂಗಣವನ್ನು ನವೀಕರಿಸಿದರೂ ಇದನ್ನು ಸರಿಪಡಿಸಲಾಗದು.

ಕಾಕ್‌ಪಿಟ್ಟಿನಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ಅಲ್ಲಿದ್ದದ್ದು ಹಾರಾಟದ ಮಾಹಿತಿ ತೋರಿಸುವ ಪ್ರೋ ಲೈನ್ 4 ವ್ಯವಸ್ಥೆಯ ಆರು ಪರದೆಗಳು, ಆರೂ ಹಳೆಯ ಟಿವಿಯಂತೆ ಗಾಜಿನ ಕೊಳವೆಯವು. ಅವು ಸರಿಯಾಗಿಯೇ ಉರಿಯುತ್ತಿದ್ದವು, ಪೈಲಟ್ಟಿಗೂ ಅವುಗಳ ಮೇಲೆ ದೂರಿರಲಿಲ್ಲ. ಆದರೆ ಅಂಥ ಕೊಳವೆಗಳ ತಯಾರಿಕೆಯ ಕಾಲ ಮುಗಿದಿದೆ. ಒಂದು ಪರದೆ ಕೆಟ್ಟರೆ ರಿಪೇರಿಯಾದ ಹಳೆಯ ಪರದೆಗಾಗಿ ಕಾಯಬೇಕು, ಇಲ್ಲವೇ ಇಡೀ ಸಾಲನ್ನೇ ಬದಲಾಯಿಸುವ ದುಬಾರಿ ಕೆಲಸಕ್ಕೆ ಕೈ ಹಾಕಬೇಕು. ಬೇರೆಯವರ ವಿಮಾನವೊಂದು ಇಂಥದೇ ಒಂದು ಪರದೆಗಾಗಿ ವಾರಗಟ್ಟಲೆ ನೆಲಕ್ಕಂಟಿ ನಿಂತದ್ದನ್ನು ನಾನು ಕೊಲ್ಲಿಯಲ್ಲಿ ಕಂಡಿದ್ದೇನೆ.

605ನ್ನು ದುಬೈಯಲ್ಲಿ ನೋಡಿ, ಅಲ್ಲಿಂದ ಮಸ್ಕತ್ತಿಗೆ ಹೋಗಿಬಂದೆವು. ಕಿಟಕಿಗಳು ದೊಡ್ಡವು, ಮೇಲಕ್ಕೇರಿದವು ಕೂಡ. ಕ್ಯಾಬಿನ್ನಿನ ಅಳತೆ ಹೆಚ್ಚುಕಡಿಮೆ ಅದೇ ಆಗಿದ್ದರೂ ಒಳಗೆ ಕಾಲಿಟ್ಟವರಿಗೆ ಹೆಚ್ಚು ವಿಶಾಲವಾದಂತೆ ತೋರುವುದು ಈ ಬೆಳಕಿನಿಂದ. ಮುಂದೆ ಪ್ರೋ ಲೈನ್ 21ರ ನಾಲ್ಕು ಅಗಲವಾದ ಎಲ್‌ಸಿಡಿ ಪರದೆಗಳಿವೆ. ಉತ್ತರ ಅಟ್ಲಾಂಟಿಕ್ ಮೇಲಿನ ಮುಖ್ಯ ಎತ್ತರಗಳಲ್ಲಿ ಹಾರಲು ಈಗ ಕಡ್ಡಾಯವಾಗಿರುವ ದತ್ತಾಂಶ ಸಂಪರ್ಕದ ಉಪಕರಣವನ್ನು ಈ ವಿಮಾನಕ್ಕೆ ಆಗಲೇ ಅಳವಡಿಸಿದ್ದರು, ನಾವು ನೋಡಿದ 604ರಲ್ಲಿ ಅದಿರಲಿಲ್ಲ. ನ್ಯೂಯಾರ್ಕಿಗೆ ಹೋಗುವ ಆಸೆ ಮಗನೊಬ್ಬನಿಗೆ ಮಾತ್ರ ಇದ್ದುದರಿಂದ ಈ ಅಂಶಕ್ಕೆ ನಾನು ಹೆಚ್ಚು ಅಂಕ ಕೊಡಲಿಲ್ಲ.

ಇಷ್ಟರವರೆಗೆ ಓದಿದವರಿಗೆ 605 ಗೆದ್ದಂತೆ ತೋರಬಹುದು. ಕಾಗದಪತ್ರ ತೆರೆದಾಗ ಚಿತ್ರ ಬೇರೆಯಾಯಿತು. ಈ ದರ್ಜೆಯ ವಿಮಾನಗಳ ಎಂಜಿನ್ನುಗಳನ್ನು ಸಾಮಾನ್ಯವಾಗಿ ಗಂಟೆ ಲೆಕ್ಕದ ನಿರ್ವಹಣಾ ಒಪ್ಪಂದಕ್ಕೆ ಸೇರಿಸಿರುತ್ತಾರೆ. ಹಾರಿದ ಪ್ರತಿ ಗಂಟೆಗೂ ಇಂತಿಷ್ಟು ಎಂದು ಮಾಲೀಕರು ಕಟ್ಟುತ್ತಾ ಬಂದರೆ, ಮುಂದೆ ಎಂಜಿನ್ ಬಿಚ್ಚಬೇಕಾಗಿ ಬಂದಾಗ ಬೀಳುವ ಭಾರೀ ಖರ್ಚನ್ನು ಒಪ್ಪಂದದ ಸಂಸ್ಥೆಯೇ ಹೊರುತ್ತದೆ. ಹಳೆಯ 604ರ ಎರಡೂ ಎಂಜಿನ್ನುಗಳು ಒಂದು ಕಂತೂ ತಪ್ಪದೆ ಒಪ್ಪಂದದಲ್ಲಿದ್ದವು. ಹೊಸ 605ರ ಮಾಲೀಕರು ಕೆಲವು ವರ್ಷಗಳ ಹಿಂದೆಯೇ ಕಂತು ನಿಲ್ಲಿಸಿದ್ದರು. ಮತ್ತೆ ಸೇರಬೇಕಾದರೆ ಆವರೆಗೆ ಹಾರಿದ ಗಂಟೆಗಳ ಲೆಕ್ಕದಲ್ಲಿ ದೊಡ್ಡ ಮೊತ್ತ ಕಟ್ಟಬೇಕು, ಮತ್ತು ಆ ಮೊತ್ತ ದಲ್ಲಾಳಿ ಹೇಳಿದ ಬೆಲೆಯಲ್ಲಿ ಎಲ್ಲಿಯೂ ಸೇರಿರಲಿಲ್ಲ. ಲಾಗ್‌ಬುಕ್ಕುಗಳೂ ಹಾಗೆಯೇ: 604ರದ್ದು ಮೊದಲ ದಿನದಿಂದ ಸಾಲಾಗಿ ಸಿಕ್ಕಿತು, 605ರಲ್ಲಿ ಒಂದು ಹಳೆಯ ರಿಪೇರಿಯ ಮೂಲಪತ್ರ ಹುಡುಕಿಸಲು ಮೂರು ವಾರ ಹಿಡಿಯಿತು.

ಇನ್ನೊಂದೆಡೆ ತಪಾಸಣೆಯ ಪಂಚಾಂಗ ಹಳೆಯದಕ್ಕೆ ಪ್ರತಿಕೂಲವಾಗಿತ್ತು. ಈ ವಿಮಾನಗಳಿಗೆ 96 ತಿಂಗಳಿಗೊಮ್ಮೆ, ಅಂದರೆ ಎಂಟು ವರ್ಷಕ್ಕೊಮ್ಮೆ, ಒಳಾಂಗಣವನ್ನೆಲ್ಲ ಕಿತ್ತು ಅಸ್ಥಿಪಂಜರವನ್ನೇ ಪರೀಕ್ಷಿಸುವ ಭಾರೀ ತಪಾಸಣೆಯಿದೆ. 2001ರ ವಿಮಾನಕ್ಕೆ ಅದು 2009 ಮತ್ತು 2017ರಲ್ಲಿ ಆಗಿತ್ತು, ಮೂರನೆಯದು 2025ರಲ್ಲಿ ಬಾಗಿಲಿಗೆ ಬರುವುದಿತ್ತು. 2011ರ ವಿಮಾನಕ್ಕೆ ಎರಡನೆಯ ಸರದಿ 2027ಕ್ಕೆ. ಮೂರನೆಯ ತಪಾಸಣೆಯಲ್ಲಿ ಏನು ಹೊರಬಿದ್ದೀತೆಂದು ಮುಂಚಿತವಾಗಿ ಹೇಳಬಲ್ಲ ಎಂಜಿನಿಯರನನ್ನು ನಾನಿನ್ನೂ ಕಂಡಿಲ್ಲ. ಇದನ್ನು ವಿವರಿಸಿದಾಗ ಹಿರಿಯರು ನಕ್ಕು, "ಹಳೆ ಮನೆಯ ಹಂಚು ತೆಗೆದ ಮೇಲೆಯೇ ಪಕ್ಕಾಸಿನ ಗೆದ್ದಲು ಕಾಣುವುದು ಮಾರಾಯ್ರೆ" ಎಂದರು. ನಾನು ಅರ್ಧ ಗಂಟೆಯಲ್ಲಿ ಹೇಳಿದ್ದನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿದರು.

ಗೆದ್ದಲಿನ ಮಾತು ಬಂದದ್ದರಿಂದ ಉಪ್ಪಿನ ಮಾತನ್ನೂ ಹೇಳಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಕಡಲ ಗಾಳಿ ಸದಾ ಬೀಸುವ ಈ ಊರಿನಲ್ಲಿ ಅಲ್ಯೂಮಿನಿಯಂ ಮೈಯ ವಿಮಾನವನ್ನು ಬಯಲಿನಲ್ಲಿ ನಿಲ್ಲಿಸುವುದೆಂದರೆ ಲೋಹವನ್ನು ತಿನ್ನುವ ಕೊರೆತಕ್ಕೆ ಆಹ್ವಾನ ಕೊಟ್ಟಂತೆ. ಹೊರಮೈಯನ್ನು ತೊಳೆದು ಬಣ್ಣ ಕಾಪಾಡಬಹುದು. ಅಪಾಯವಿರುವುದು ಅಡುಗೆ ಕಟ್ಟೆ ಮತ್ತು ಶೌಚಾಲಯದ ನೆಲಹಲಗೆಯ ಕೆಳಗೆ, ಚೆಲ್ಲಿದ ಕಾಫಿಯೂ ನೀರೂ ವರ್ಷಗಟ್ಟಲೆ ಇಳಿಯುವ ಜಾಗದಲ್ಲಿ. ಅಲ್ಲಿ ಆಗಲೇ ಬೇರೂರಿದ ಕೊರೆತವಿದ್ದರೆ ನಮ್ಮ ಹವೆ ಅದಕ್ಕೆ ಗೊಬ್ಬರ ಹಾಕುತ್ತದೆ. ವಯಸ್ಸು ನಿಜಕ್ಕೂ ಲೆಕ್ಕಕ್ಕೆ ಬರುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಒಣ ಮರುಭೂಮಿಯಲ್ಲಿ ಹ್ಯಾಂಗರಿನೊಳಗೆ ಬಾಳಿದ ಇಪ್ಪತ್ತಮೂರರ ವಿಮಾನವನ್ನು ನಾನು ಧೈರ್ಯವಾಗಿ ಒಪ್ಪುತ್ತಿದ್ದೆ, ಆದರೆ ಈ 604 ಕೊನೆಯ ಹಲವು ಮಳೆಗಾಲಗಳನ್ನು ಮುಂಬೈಯಲ್ಲಿ ಕಳೆದಿತ್ತು.

ದೂರದ ವಿಷಯದಲ್ಲಿ ಎರಡೂ ಸಮ. ಸುಮಾರು 7,400 ಕಿಲೋಮೀಟರ್ ಹಾರಬಲ್ಲವು. ದುಬೈ, ದೋಹಾ, ಸಿಂಗಪುರ ಸಲೀಸು. ಮಂಗಳೂರಿನಿಂದ ಲಂಡನ್ನಿಗೆ ನೇರ ರೇಖೆಯಲ್ಲೇ 7,800 ಕಿಲೋಮೀಟರ್ ಮಿಕ್ಕುವುದರಿಂದ ನಡುವೆ ಎಲ್ಲಾದರೂ ಇಳಿದು ಇಂಧನ ತುಂಬಿಸಲೇಬೇಕು. ದಲ್ಲಾಳಿಯೊಬ್ಬರು 605 ನೇರವಾಗಿ ಹೋಗುತ್ತದೆ ಎಂದು ಮಗನಿಗೆ ಹೇಳಿದ್ದರು. ಅದು ಮಾರುವವರ ಉತ್ಸಾಹ. ಗಂಟೆಗೆ ಸಾವಿರ ಲೀಟರಿಗೂ ಮಿಕ್ಕಿ ಇಂಧನ ಕುಡಿಯುವುದರಲ್ಲೂ ವ್ಯತ್ಯಾಸವಿಲ್ಲ.

2010ರ ಮೇ 22ರ ವಿಮಾನ ದುರಂತದಲ್ಲಿ 158 ಜನರನ್ನು ಕಳೆದುಕೊಂಡ ಊರಿನಲ್ಲಿ, ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯ ವಿಷಯ ಬಾರದೆ ವಿಮಾನದ ಮಾತು ಮುಗಿಯುವುದಿಲ್ಲ. ಮನೆಯ ಅಮ್ಮ ಕೇಳಿದ್ದು ಅದೊಂದನ್ನೇ. 2,450 ಮೀಟರ್ ಉದ್ದದ ಆ ರನ್‌ವೇ ಈ ಗಾತ್ರದ ವಿಮಾನಕ್ಕೆ ಧಾರಾಳವೆಂದೂ, ಆದರೆ ಎರಡರ ರೆಕ್ಕೆಗೂ ಮುಂಚೂಣಿಯ ಸ್ಲ್ಯಾಟ್‌ಗಳು, ಅಂದರೆ ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯುವ ಚಾಚುಹಲಗೆಗಳು, ಇಲ್ಲದ ಕಾರಣ ಇಳಿಯುವ ವೇಗ ತುಸು ಹೆಚ್ಚೆಂದೂ, ಮಳೆಯಲ್ಲಿ ಸರಿಯಾದ ಜಾಗದಲ್ಲಿ ನೆಲ ಮುಟ್ಟದಿದ್ದರೆ ಮತ್ತೆ ಮೇಲೇರುವ ಪೈಲಟ್ಟನ್ನೇ ನೇಮಿಸಬೇಕೆಂದೂ ಅವರಿಗೆ ಹೇಳಿದೆ. ವಿಮಾನದ ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ.

ಹಣದ ಲೆಕ್ಕಕ್ಕೆ ಬಂದಾಗ ಕುಟುಂಬದ ಹಾರಾಟ ವರ್ಷಕ್ಕೆ 150 ಗಂಟೆ ದಾಟುವಂತಿರಲಿಲ್ಲ. ಇಷ್ಟು ಕಡಿಮೆ ಹಾರುವವರಿಗೆ ಪುಸ್ತಕದ ಲೆಕ್ಕ ಹಳೆಯದನ್ನೇ ಸೂಚಿಸುತ್ತದೆ: ಹೂಡಿದ ಬಂಡವಾಳ ಕಡಿಮೆ, ಕಳೆದುಕೊಳ್ಳುವ ಬೆಲೆಯೂ ಕಡಿಮೆ. ಮೇಲಾಗಿ 604 ದೇಶದೊಳಗೇ ಇತ್ತು. 605ಕ್ಕೆ ಆಮದಿನ ಅನುಮತಿ ಬೇಕು, ಮತ್ತು ವೈಯಕ್ತಿಕ ಬಳಕೆಗೆ ತರಿಸುವ ವಿಮಾನದ ಮೇಲೆ ಬೀಳುವ ತೆರಿಗೆ ಬಾಡಿಗೆ ಪರವಾನಗಿಯ ವಿಮಾನದ್ದಕ್ಕಿಂತ ಬಹಳ ಹೆಚ್ಚು. ಆದರೆ ಮುಂದೆ ಮಾರುವ ಮಾತು ಬಂದರೆ ತೊಡಕಿದೆ: ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಆಮದಿಗೆ ವಯಸ್ಸಿನ ಮಿತಿ ಇಟ್ಟಿರುವುದರಿಂದ, ಹೊರಗೆ ಮಾರಿದ ಹಳೆಯ ವಿಮಾನ ಮರಳಿ ಬರುವುದು ಕಷ್ಟ. ದೇಶದೊಳಗೆ ಅದನ್ನು ಕೊಳ್ಳುವವರು ಬೆರಳೆಣಿಕೆಯಷ್ಟು.

ಹೀಗಿದ್ದೂ ನಾನು 605ನ್ನೇ ಸೂಚಿಸಿದೆ. ಆ ಕುಟುಂಬದ ಪ್ರಯಾಣಗಳೆಲ್ಲ ಮುಹೂರ್ತವಿದ್ದ ಹಾಗೆ: ಗುರುವಾರ ರಾತ್ರಿ ದುಬೈ, ಭಾನುವಾರ ಮನೆ, ನಡುವೆ ಮದುವೆ, ಕೋಲ, ಬ್ಯಾಂಕಿನ ಸಭೆ. ವರ್ಷಕ್ಕೆ 150 ಗಂಟೆಯೇ ಆದರೂ ಆ 150 ಗಂಟೆ ಕರೆದ ದಿನವೇ ಸಿಗಬೇಕು. ಮೂರನೆಯ ಭಾರೀ ತಪಾಸಣೆಗೆ ತಿಂಗಳುಗಟ್ಟಲೆ ಹೋಗುವ, ಒಂದು ಪರದೆಗಾಗಿ ಕಾಯುವ ವಿಮಾನ ಅವರಿಗೆ ಉಳಿಸಿಕೊಡುವ ಹಣಕ್ಕಿಂತ ಬಾಡಿಗೆ ವಿಮಾನಗಳಿಗೆ ಹೋಗುವ ಹಣವೇ ಹೆಚ್ಚಾದೀತು. ವಾರದಲ್ಲೊಮ್ಮೆ ಯಾವಾಗ ಹೊರಟರೂ ಆದೀತು ಎನ್ನುವವರು ಕೇಳಿದ್ದರೆ 604 ಎಂದೇ ಹೇಳುತ್ತಿದ್ದೆ.

ಎಂಜಿನ್ ಒಪ್ಪಂದಕ್ಕೆ ಮತ್ತೆ ಸೇರುವ ಮೊತ್ತವನ್ನು ಪೂರ್ತಿ ಹೊರಲು ಮಾರುವವರು ಒಪ್ಪಲಿಲ್ಲ. ನಾಲ್ಕು ಸುತ್ತಿನ ಮಾತುಕತೆಯ ಬಳಿಕ ಅರ್ಧಕ್ಕೆ ಬಂದರು. ಆ ಅರ್ಧವನ್ನು ಬೆಲೆಯಲ್ಲಿ ಇಳಿಸಿಕೊಂಡೆವು. ಮುಂಗಡ ಕೊಡುವ ಮುನ್ನ ಅಡುಗೆ ಕಟ್ಟೆಯ ಕೆಳಗಿನ ನೆಲಹಲಗೆಯನ್ನು ಎತ್ತಿ ತೋರಿಸಬೇಕು, ಆ ಹೊತ್ತಿನಲ್ಲಿ ನಾನು ಅಲ್ಲಿರಬೇಕು ಎಂಬ ಷರತ್ತನ್ನೂ ಕರಾರಿನಲ್ಲಿ ಬರೆಸಿದ್ದೇವೆ. ಹಿರಿಯರು ಮಾತ್ರ ಫೋನ್ ಮಾಡಿದಾಗಲೆಲ್ಲ ಆ 604ನ್ನು ಯಾರಾದರೂ ಕೊಂಡರೇ ಎಂದು ಇನ್ನೂ ವಿಚಾರಿಸುತ್ತಾರೆ.